3 ಅಡಿ ಉಪ್ಪುನೀರಿನ ಟ್ಯಾಂಕಿಗೆ 35 ಕೆಜಿ ಲೈವ್ ರಾಕ್ ಸಾಕಾಗುತ್ತಾ?

ನೀವು ಕೇಳಿರೋದು ಬಳ್ಳಾರಿಯ 3×1.5×1.5 ಅಡಿ ಟ್ಯಾಂಕಿಗೆ 35 ಕೆಜಿ ಲೈವ್ ರಾಕ್, ಅಂದರೆ ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾ ನೆಲೆಸಿರೋ ರಂಧ್ರದ ಕಲ್ಲು, ಸಾಕಾ ಅಂತ. ರಾಯಚೂರಿನಲ್ಲಿ ನಾನು ಹಾಕಿದ್ದೂ ಅಷ್ಟೇ. ಮೇ ತಿಂಗಳ ಒಂದು ರಾತ್ರಿ ನಾಲ್ಕು ತಾಸು ಕರೆಂಟ್ ಹೋಯ್ತು. ಬೆಳಿಗ್ಗೆ ಎರಡು ಕ್ಲೌನ್ ಮೀನು, ಒಂದು ಗೋಬಿ ಮೀನು ಸತ್ತು ಬಿದ್ದಿದ್ದವು.

ಕರೆಂಟನ್ನು ಬೈದು ಪ್ರಯೋಜನವಿಲ್ಲ, ಕೊಂದದ್ದು ನಾನು ಪೇರಿಸಿದ ಕಲ್ಲಿನ ಗೋಡೆ. ಗ್ಯಾಲನ್ ನೀರಿಗೆ ಒಂದರಿಂದ ಎರಡು ಪೌಂಡ್ ಕಲ್ಲು, ಅಂದರೆ ಲೀಟರಿಗೆ 120ರಿಂದ 240 ಗ್ರಾಂ ಅನ್ನೋದು ಹಳೇ ಲೆಕ್ಕ. ನಮ್ಮ 190 ಲೀಟರ್ ಟ್ಯಾಂಕಿಗೆ ಅದು 23ರಿಂದ 46 ಕೆಜಿ ಆಗುತ್ತೆ. ಅಷ್ಟು ಕಲ್ಲನ್ನು ಒಂದೂವರೆ ಅಡಿ ಅಗಲದಲ್ಲಿ ಇಡಬೇಕೆಂದರೆ ಹಿಂದಿನ ಗಾಜಿಗೆ ಒತ್ತಿ ಪೇರಿಸಲೇಬೇಕು. ಒತ್ತಿದ ಕಡೆ ನೀರು ಓಡಾಡಲ್ಲ. ಮೀನಿನ ಹಿಕ್ಕೆ, ತಿನ್ನದೆ ಉಳಿದ ಕಾಳು ಎಲ್ಲಾ ಗೋಡೆಯ ಹಿಂದೆ ಕೆಸರಾಗಿ ಕೂರುತ್ತೆ. ಅದನ್ನು ಕೊಳೆಸುವ ಬ್ಯಾಕ್ಟೀರಿಯಾ ಆಮ್ಲಜನಕ ತಿನ್ನುತ್ತಲೇ ಇರುತ್ತೆ. ಮೋಟಾರು ನೀರಿನ ಮೇಲ್ಮೈ ಕಲಕುವಷ್ಟು ಹೊತ್ತು ಗಾಳಿಯಿಂದ ಹೊಸದು ಕರಗಿ ಬರುತ್ತೆ, ಹಾಗಾಗಿ ವರ್ಷವಿಡೀ ಏನೂ ಗೊತ್ತಾಗಲ್ಲ. ಮೋಟಾರು ನಿಂತರೆ ಬರೋದು ನಿಲ್ಲುತ್ತೆ, ತಿನ್ನೋದು ನಿಲ್ಲಲ್ಲ. 25 ಡಿಗ್ರಿಯಲ್ಲಿ ಸಮುದ್ರದ ನೀರು ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿಯಲ್ಲಿ 6.2 ಮಾತ್ರ. ಬಿಸಿ ಏರಿದಷ್ಟೂ ಬ್ಯಾಕ್ಟೀರಿಯಾದ ಹಸಿವೂ ಏರುತ್ತೆ. ಕಲ್ಲು ಜಾಸ್ತಿಯಾದಷ್ಟೂ ನೀರು ಕಡಿಮೆ, ನೀರು ಕಡಿಮೆಯಾದಷ್ಟೂ ಆಮ್ಲಜನಕದ ದಾಸ್ತಾನು ಕಡಿಮೆ. ನಮ್ಮ ಕಡೆಯ ಬೇಸಿಗೆಗೆ ನಾಲ್ಕು ತಾಸು ಬೇಕಾದಷ್ಟಾಯ್ತು.

ಅದಕ್ಕೇ ಹೇಳೋದು, ಎಷ್ಟು ಕೆಜಿ ಅನ್ನೋ ಪ್ರಶ್ನೆಯೇ ತಪ್ಪು. ಮೀನಿನ ಹಿಕ್ಕೆಯಿಂದ ಬರೋ ವಿಷ ಅಮೋನಿಯಾ, ಅದನ್ನು ತಿನ್ನುವ ಬ್ಯಾಕ್ಟೀರಿಯಾ ಇರೋದು ಕಲ್ಲಿನ ಮೇಲ್ಮೈ ಮತ್ತು ರಂಧ್ರಗಳಲ್ಲಿ, ತೂಕದಲ್ಲಲ್ಲ. ಕೊಳ್ಳೋ ಮುಂಚೆ ಒಂದು ತುಂಡನ್ನು ಒಣಗಿದ್ದಾಗ ತೂಗಿ, ರಾತ್ರಿಯಿಡೀ ನೀರಲ್ಲಿ ಬಿಟ್ಟು, ಎತ್ತಿ ಸೋರಲು ಬಿಟ್ಟು ಮತ್ತೆ ತೂಗ್ರಿ. ಕೆಜಿಗೆ 150 ಗ್ರಾಂ ಮೇಲೆ ಏರಿದರೆ ತಗೊಳ್ರಿ. 20–30 ಗ್ರಾಂ ಅಷ್ಟೇ ಏರಿದರೆ ಅದು ಬರೀ ಬಂಡೆ. ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ, ಆದರೂ ಫರಸಿಗೆ ಹಾಸೋ ಆ ಗಟ್ಟಿ ಚಪ್ಪಡಿ ನೀರು ಕುಡಿಯಲ್ಲ. ಸಂಡೂರಿನ ಕೆಂಪು ಕಬ್ಬಿಣದ ಅದಿರು ಕಲ್ಲನ್ನಂತೂ ಅಂದಕ್ಕೂ ಇಳಿಸಬೇಡ್ರಿ.

ನಿಮ್ಮ ಟ್ಯಾಂಕಿಗೆ ರಂಧ್ರವಿರುವ ಒಣ ಅರಾಗೊನೈಟ್ (ಒಂದು ಬಗೆಯ ಸುಣ್ಣದ ಖನಿಜ) ಕಲ್ಲು 12ರಿಂದ 15 ಕೆಜಿ ಸಾಕು. ಸಾಲದು ಅನ್ನಿಸಿದರೆ ಸಂಪ್‌ನಲ್ಲಿ, ಅಂದರೆ ಟ್ಯಾಂಕಿಗೆ ಜೋಡಿಸೋ ಫಿಲ್ಟರ್ ತೊಟ್ಟಿಯಲ್ಲಿ, ಎರಡು ಕೆಜಿ ಸೆರಾಮಿಕ್ ಮೀಡಿಯಾ (ಬ್ಯಾಕ್ಟೀರಿಯಾ ಕೂರೋ ರಂಧ್ರದ ಪಿಂಗಾಣಿ ತುಂಡು) ಹಾಕ್ರಿ. ಸಮುದ್ರದಿಂದ ಕಿತ್ತ ಹವಳದ ಕಲ್ಲು ಯಾರಾದರೂ ಕೊಡ್ತೀನಿ ಅಂದರೆ ಬೇಡ ಅನ್ರಿ. ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ. ಬ್ಯಾಕ್ಟೀರಿಯಾಗೆ ಹೆಪ್ಪು ಹಾಕೋಕೆ ಯಾರದಾದರೂ ಹಳೇ ಟ್ಯಾಂಕಿನ ಅರ್ಧ ಕೆಜಿ ಕಲ್ಲು ಸಾಕು. ಒದ್ದೆ ಪೇಪರಿನಲ್ಲಿ ಸುತ್ತಿ ಥರ್ಮಾಕೋಲ್ ಡಬ್ಬಿಗೆ ಹಾಕಿದರೆ ಬೆಂಗಳೂರಿಂದ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಕಳೆದು ಬರುತ್ತೆ.

ಕಲ್ಲನ್ನು ಮರಳಿನ ಮೇಲೆ ಕೂರಿಸಬೇಡ್ರಿ, ಗೋಬಿ ತೋಡಿದರೆ ಕುಸಿದು ಗಾಜು ಒಡೆಯುತ್ತೆ. ತಳಕ್ಕೆ ಪ್ಲಾಸ್ಟಿಕ್ ಜಾಲರಿ, ಅದರ ಮೇಲೆ ಕಲ್ಲು, ಕೊನೆಗೆ ಸುತ್ತ ಎರಡು ಸೆಂ.ಮೀ. ಮರಳು. ಎರಡು ಬಿಡಿ ಗುಡ್ಡ ಮಾಡಿ, ಎಲ್ಲಾ ಗಾಜಿನಿಂದ ನಿಮ್ಮ ಕೈ ಬ್ರಷ್ ಸಮೇತ ಹೋಗುವಷ್ಟು, ಅಂದರೆ 8–10 ಸೆಂ.ಮೀ. ಬಿಡ್ರಿ. ವೇವ್‌ಮೇಕರ್, ಅಂದರೆ ಟ್ಯಾಂಕಿನೊಳಗೆ ನೀರು ಕಲಕೋ ಮೋಟಾರು, ಗಂಟೆಗೆ 3000 ಲೀಟರಿಗಿಂತ ಕಡಿಮೆ ಬೇಡ. ಚಿಟಿಕೆ ಮೀನಿನ ಕಾಳು ಪುಡಿ ಮಾಡಿ ಗುಡ್ಡದ ಹಿಂದೆ ಬಿಟ್ಟು ನೋಡ್ರಿ, ಅಲ್ಲೇ ಕೂತರೆ ಕಲ್ಲು ಸರಿಸಿ ಜಾಗ ಮಾಡಬೇಕು.

ನೀರು ಬೋರಿನದು ಬೇಡ. ಮನೆಯ ಆರ್‌ಓ ನೀರಲ್ಲೂ ಟಿಡಿಎಸ್ (ಕರಗಿದ ಲವಣ) ಉಳಿದಿರುತ್ತೆ, ಅದರ ಮುಂದೆ ಆ ಲವಣ ಹೀರೋ ಡಿಐ ರೆಸಿನ್ ಹಾಕಿ ಸೊನ್ನೆಗೆ ತನ್ನಿ. ಉಪ್ಪು ಬೆರೆಸಿದ ಮೇಲೆ ಸಾಂದ್ರತೆ 1.025 ಇರಲಿ. ಮೀನು ಬಿಡೋ ಮುಂಚೆ ಬ್ಯಾಕ್ಟೀರಿಯಾ ಬೆಳೆಯಲಿ ಅಂತ ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾ 2 ಪಿಪಿಎಂಗೆ (ಲೀಟರಿಗೆ 2 ಮಿಲಿಗ್ರಾಂ) ತಂದು, ಲೈಟ್ ಹಚ್ಚದೆ ಬಿಡ್ರಿ. ನಾಲ್ಕರಿಂದ ಆರು ವಾರ ಹಿಡಿಯುತ್ತೆ. ಮತ್ತೆ 2 ಪಿಪಿಎಂ ಹಾಕಿದಾಗ 24 ತಾಸಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಆದರೆ ಮೊದಲ ಮೀನು ಬಿಡ್ರಿ. ಬೇಸಿಗೆಯಲ್ಲಿ ನೀರು ಆವಿಯಾಗಿ ಇಳಿದರೆ ಉಪ್ಪುನೀರು ಹೊಯ್ಯಬೇಡ್ರಿ, ಬರೀ ಡಿಐ ನೀರು ಹೊಯ್ರಿ, ಯಾಕಂದರೆ ಆವಿಯಾಗೋದು ನೀರಷ್ಟೇ.

ಇನ್ವರ್ಟರಿಗೆ ವೇವ್‌ಮೇಕರ್ ಒಂದನ್ನೇ ಜೋಡಿಸ್ರಿ, ಲೈಟ್ ಬೇಡ. ಕಲ್ಲು ಇಟ್ಟ ಮೇಲೆ 20 ಲೀಟರ್ ಕ್ಯಾನಿನಿಂದ ಎಣಿಸಿಕೊಂಡು ನೀರು ತುಂಬಿ, ಆ ಅಂಕಿಯನ್ನು ಹಿಂದಿನ ಗಾಜಿಗೆ ಟೇಪ್ ಮೇಲೆ ಬರೆದು ಅಂಟಿಸ್ರಿ. ಮುಂದೆ ಔಷಧಿ ಹಾಕುವಾಗ ಲೆಕ್ಕಕ್ಕೆ ಬೇಕಾಗೋದು ಅದು, 190 ಅಲ್ಲ.