ಪುಣೆಯ ಬಾಲೇವಾಡಿಯಲ್ಲಿ 100 ಮೀಟರ್ ಫ್ರೀಸ್ಟೈಲ್ ಈಜು ಸ್ಪರ್ಧೆ ನೋಡಿದೆ. ಅರ್ಧದವರೆಗೆ ಮುಂದಿದ್ದವರು ಕೊನೆಗೆ ಸೋತರು, ಯಾಕೆ?

ಸ್ಕೋರ್‌ಬೋರ್ಡಿನ ಸ್ಪ್ಲಿಟ್, ಅಂದರೆ ಪ್ರತಿ 50 ಮೀಟರಿಗೆ ತೆಗೆದುಕೊಂಡ ಸಮಯ, ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಮೊದಲ 50 ಮೀಟರಿಗೆ ಡೈವ್‌ನ ಲಾಭವಿರುವುದರಿಂದ ಎರಡನೆಯ 50 ಸುಮಾರು ಎರಡು ಸೆಕೆಂಡ್ ನಿಧಾನವಾಗುವುದು ಸಹಜ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚೀನಾದ ಈಜುಗಾರ ಪಾನ್ ಝಾನ್‌ಲೆ 46.40 ಸೆಕೆಂಡಿನ ವಿಶ್ವದಾಖಲೆ ಮಾಡಿದಾಗ ಸ್ಪ್ಲಿಟ್ 22.28 ಮತ್ತು 24.12. ಅಂತರ ಮೂರು ಸೆಕೆಂಡ್ ದಾಟಿತೆಂದರೆ, ಶುರುವಿನಲ್ಲೇ ಶಕ್ತಿಯೆಲ್ಲ ಸುರಿದಿದ್ದಾರೆ ಎಂದೇ ಲೆಕ್ಕ.

ಅದರ ಪರಿಣಾಮ ಕೊನೆಯ 15 ಮೀಟರಿನಲ್ಲಿ ಕಣ್ಣಿಗೇ ಕಾಣುತ್ತದೆ. ಮೊಣಕೈ ಕೆಳಗಿಳಿಯುತ್ತದೆ, ಅಂಗೈ ನೀರನ್ನು ಹಿಡಿಯದೆ ಜಾರುತ್ತದೆ, ಕಾಲಿನ ಒದೆತ ಸತ್ತು ಸೊಂಟ ಮುಳುಗುತ್ತದೆ. ಕೈ ಬೀಸುವ ವೇಗ ಹೆಚ್ಚಿದರೂ ದೇಹ ಮುಂದೆ ಹೋಗುವುದಿಲ್ಲ.

ಸೋಲು ಶುರುವಾಗುವ ಇನ್ನೊಂದು ಜಾಗ ಟರ್ನ್, ಅಂದರೆ 50 ಮೀಟರ್ ಮುಗಿಸಿ ಗೋಡೆಯ ಬಳಿ ಹಿಂದಿರುಗುವುದು. ನನ್ನ ಪ್ರಕಾರ ನೋಡುವವರು ಹೆಚ್ಚು ಕಡೆಗಣಿಸುವುದು ಇದನ್ನೇ. ಗೋಡೆ ಒದ್ದ ಮೇಲೆ 15 ಮೀಟರಿನೊಳಗೆ ತಲೆ ನೀರಿನಿಂದ ಹೊರಗೆ ಬರಬೇಕು. ಲೇನ್ ಹಗ್ಗದಲ್ಲಿ ಅಲ್ಲಿ ಬೇರೆ ಬಣ್ಣದ ಗುರುತಿರುತ್ತದೆ. ದಣಿದವರು ಉಸಿರಿಗಾಗಿ ಬೇಗ ಮೇಲೆದ್ದು ಮೊದಲ ಸ್ಟ್ರೋಕಿಗೇ ತಲೆ ತಿರುಗಿಸುತ್ತಾರೆ, ಗೋಡೆಯಿಂದ ಸಿಕ್ಕ ವೇಗ ಅಲ್ಲೇ ಕರಗುತ್ತದೆ. ಮುಂದಿನ ಸಲ ಗ್ಯಾಲರಿಯಲ್ಲಿ ಟರ್ನ್ ಆಗುವ ತುದಿಗೆ, ಆ ಗುರುತಿನ ನೇರಕ್ಕೆ ಕೂತು ನೋಡಿ.