ಶಾಖ ಬಿಸಿಯಿಂದ ತಂಪಿನ ಕಡೆಗೇ ಏಕೆ ಹರಿಯುತ್ತದೆ? ಸೂಕ್ಷ್ಮಸ್ಥಿತಿಗಳನ್ನು ಎಣಿಸುವುದಕ್ಕೂ ಇದಕ್ಕೂ ಏನು ಸಂಬಂಧ?

ಶಾಖವನ್ನು ತಂಪಿನ ಕಡೆಗೆ ತಳ್ಳುವ ಪ್ರತ್ಯೇಕ ಬಲವೇನೂ ಇಲ್ಲ. ಶಕ್ತಿ ಹಂಚಿಹೋಗಿರುವ ಸ್ಥಿತಿಗಳ ಸಂಖ್ಯೆ, ಅದು ಒಂದೇ ಕಡೆ ಗುಡ್ಡೆಯಾಗಿರುವ ಸ್ಥಿತಿಗಳಿಗಿಂತ ಬಹಳ ಹೆಚ್ಚು, ಕಾರಣ ಅಷ್ಟೇ. ಯಾವ ಕಣದಲ್ಲಿ ಎಷ್ಟು ಶಕ್ತಿಯಿದೆ ಎಂಬ ಪೂರ್ತಿ ವಿವರವೇ ಒಂದು ಸೂಕ್ಷ್ಮಸ್ಥಿತಿ.

ಎಣಿಸಿಯೇ ನೋಡಿ. 1907ರಲ್ಲಿ ಐನ್‌ಸ್ಟೈನ್ ಕೊಟ್ಟ ಘನವಸ್ತುವಿನ ಮಾದರಿಯಲ್ಲಿ ಆಂದೋಲಕಗಳಿವೆ, ಅಂದರೆ ನಿಂತಲ್ಲೇ ಕಂಪಿಸುವ ಘಟಕಗಳು. ಅವು ಶಕ್ತಿಯನ್ನು ಸಮನಾದ ತುಣುಕುಗಳಾಗಿ ಪಡೆಯುತ್ತವೆ. 3 ಆಂದೋಲಕಗಳಿಗೆ 3 ತುಣುಕು ಹಂಚೋಣ: ಮೂರೂ ಒಂದಕ್ಕೇ ಸಿಗಲು 3 ರೀತಿ, ಒಂದಕ್ಕೆ ಎರಡು ಇನ್ನೊಂದಕ್ಕೆ ಒಂದು ಸಿಗಲು 6 ರೀತಿ, ತಲಾ ಒಂದು ಸಿಗಲು 1 ರೀತಿ. ಒಟ್ಟು 10. ತುಣುಕುಗಳಿಗೆ ಹೆಸರಿಟ್ಟು ಎಣಿಸಬೇಡಿ, ಅವುಗಳಲ್ಲಿ ಗುರುತಿನ ವ್ಯತ್ಯಾಸವಿಲ್ಲ. ಹೊಸಬರು ಎಡವುವುದು ಇಲ್ಲಿಯೇ.

ಈಗ ಇಂಥ ಎರಡು ವಸ್ತುಗಳನ್ನು ತಾಗಿಸಿ, ಒಟ್ಟು 6 ತುಣುಕು ಕೊಡಿ. ಆರೂ ಮೊದಲನೆಯದರಲ್ಲೇ ಇರಲು 28 ರೀತಿ. ಮೂರು ಮೂರಾಗಿ ಹಂಚಿಕೊಳ್ಳಲು 10 ಗುಣಿಸು 10, ಅಂದರೆ 100. ಎಲ್ಲ ಹಂಚಿಕೆಗಳೂ ಸೇರಿ 462. ಪ್ರತಿ ಸೂಕ್ಷ್ಮಸ್ಥಿತಿಯೂ ಸಮಸಂಭವ ಎಂಬುದು ಹೀಗೆ ಎಣಿಸುವ ಶಾಸ್ತ್ರದ ಮೂಲ ಊಹೆ. ಹಾಗಾಗಿ ಆರೂ ಮೊದಲನೆಯದರಲ್ಲೇ ಇರುವ ಸಾಧ್ಯತೆ ಸುಮಾರು ಶೇಕಡಾ 6, ಕಡೆಗಣಿಸುವಷ್ಟು ಕಡಿಮೆಯೇನಲ್ಲ. ಆದರೆ ಒಂದು ಗ್ರಾಂ ತಾಮ್ರದಲ್ಲಿರುವ ಪರಮಾಣುಗಳು ಹೆಚ್ಚುಕಡಿಮೆ 1ರ ಮುಂದೆ 22 ಸೊನ್ನೆ ಇಟ್ಟಷ್ಟು. ಅಲ್ಲಿ ಶಾಖ ಹಿಮ್ಮುಖವಾಗಿ ಹರಿಯಲು ನಿಯಮದ ಅಡ್ಡಿಯಿಲ್ಲ, ವಿಶ್ವದ ವಯಸ್ಸಿನಷ್ಟು ಕಾದರೂ ಕಾಣಸಿಗುವುದಿಲ್ಲ. ಭೌತವಿಜ್ಞಾನಿ ಬೋಲ್ಟ್ಸ್‌ಮನ್ ಎಂಟ್ರೊಪಿ ಎಂದದ್ದು ಸೂಕ್ಷ್ಮಸ್ಥಿತಿಗಳ ಈ ಎಣಿಕೆಯ ಲಾಗರಿದಮ್ಮಿಗೆ ಅನುಪಾತದಲ್ಲಿರುವ ಪರಿಮಾಣವನ್ನು.