ಬಿಟ್ಟ ಸ್ಥಳ ತುಂಬಿದ್ದು ಸಾಕು

ಪ್ರಶ್ನೆ: ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗೆ ಓದುತ್ತಿದ್ದೇನೆ ಸರ್. ಇಂಗ್ಲಿಷ್ ಗ್ರಾಮರ್ ಪುಸ್ತಕದ ಅಭ್ಯಾಸಗಳನ್ನೆಲ್ಲ ಎರಡು ಸಲ ಮುಗಿಸಿದೆ, ಉತ್ತರಗಳೂ ಸರಿ ಇವೆ. ಆದರೆ ಸ್ವಂತವಾಗಿ ನಾಲ್ಕು ಸಾಲು ಬರೆಯಲು ಕೂತರೆ ‘ಹಿ ಡಿಡ್ ನಾಟ್ ವೆಂಟ್’ ಎಂದೇ ಬರುತ್ತದೆ. ಇನ್ನು ಯಾವ ಪುಸ್ತಕ ತಗೊಳ್ಳಲಿ?

ಉತ್ತರ: ಯಾವುದನ್ನೂ ತಗೊಳ್ಳಬೇಡಿ. ಇದೇ ಪ್ರಶ್ನೆ ಪದೇ ಪದೇ ಬರುತ್ತದೆ, ಕೊನೆಗೆ ಇದೇ ‘ಯಾವ ಪುಸ್ತಕ’.

ಪಾಠದ ತಲೆಯ ಮೇಲೆ ‘ಸಿಂಪಲ್ ಪಾಸ್ಟ್’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ, ಬಿಟ್ಟ ಸ್ಥಳದ ಪಕ್ಕ ‘ಗೋ’ ಎಂದಿರುತ್ತದೆ. ನೀವು ‘ವೆಂಟ್’ ಎಂದು ತುಂಬುತ್ತೀರಿ. ಇದರಲ್ಲಿ ನೀವು ಯೋಚಿಸಿದ್ದೇನು? ಯಾವ ಕಾಲ, ಯಾವ ಕ್ರಿಯಾಪದ ಎಂದು ಪುಸ್ತಕವೇ ಹೇಳಿಬಿಟ್ಟಿದೆ. ಅರ್ಜಿ ಬರೆಯುವಾಗ ಅದನ್ನು ಹೇಳಿಕೊಡುವವರು ಯಾರೂ ಇರುವುದಿಲ್ಲ.

ಮನೆಯದೇ ಒಂದು ವಾಕ್ಯ ಹಿಡಿಯಿರಿ. ‘ಯುವರ್ ಬ್ರದರ್ ವೆಂಟ್ ಟು ಹುಬ್ಬಳ್ಳಿ ಯೆಸ್ಟರ್‌ಡೇ.’ ಅದನ್ನೇ ಇಲ್ಲವೆನ್ನಿ: ‘ಯುವರ್ ಬ್ರದರ್ ಡಿಡ್ ನಾಟ್ ಗೋ.’ ಪ್ರಶ್ನೆ ಮಾಡಿ: ‘ಡಿಡ್ ಯುವರ್ ಬ್ರದರ್ ಗೋ?’ ಯಾಕೆಂದು ಕೇಳಿ: ‘ವೈ ಡಿಡ್ ಯುವರ್ ಬ್ರದರ್ ಗೋ?’ ಆಮೇಲೆ ‘ಯೆಸ್ಟರ್‌ಡೇ’ ತೆಗೆದು ‘ಎವ್ರಿ ಸಂಡೇ’ ಹಾಕಿ, ‘ಗೋಸ್’, ‘ಡಸ್ ನಾಟ್ ಗೋ’ ಎಂದು ಮತ್ತೆ ಸುತ್ತು ಹಾಕಿ. ‘ಬ್ರದರ್’ ಹೋಗಿ ‘ಪೇರೆಂಟ್ಸ್’ ಬಂದರೆ ಏನೇನು ಬದಲಾಗುತ್ತದೆ ನೋಡಿ. ಮೊದಲು ಬಾಯಲ್ಲಿ, ಆಮೇಲೆ ಕಾಗದದ ಮೇಲೆ. ತಪ್ಪಿದರೆ ಬರೀ ಆ ಪದವನ್ನು ತಿದ್ದಬೇಡಿ, ಇಡೀ ವಾಕ್ಯ ಮತ್ತೆ ಬರೆಯಿರಿ.

ಇನ್ನು ‘ಡಿಡ್ ನಾಟ್ ವೆಂಟ್’. ಕನ್ನಡದಲ್ಲಿ ‘ಹೋದ’ ಎನ್ನುವ ನೀವು ‘ಹೋದಲಿಲ್ಲ’ ಎನ್ನುತ್ತೀರಾ? ‘ಹೋಗಲಿಲ್ಲ’ ಎನ್ನುತ್ತೀರಿ. ‘ಇಲ್ಲ’ ಬಂದ ಕೂಡಲೇ ಭೂತಕಾಲದ ರೂಪ ಬಿಟ್ಟು ಧಾತುವಿಗೆ ಹಿಂದಿರುಗಿದಿರಿ. ಇಂಗ್ಲಿಷಿನಲ್ಲಿ ಭೂತಕಾಲದ ಹೊರೆ ‘ಡಿಡ್’ ಮೇಲೆ ಬಿತ್ತು, ‘ಗೋ’ ಹಾಗೇ ಉಳಿಯಿತು. ಅಷ್ಟೇ. ‘ಕನ್ನಡದಲ್ಲಿ ಯೋಚಿಸುವುದೇ ತಪ್ಪು’ ಎಂದು ಹೆದರಿಸುವ ಕೋಚಿಂಗ್‌ನವರಿಗೆ ಇದನ್ನು ಕೇಳಿ ನೋಡಿ. ಕನ್ನಡ ನಿಜವಾಗಿ ದಾರಿ ತಪ್ಪಿಸುವುದು ಬೇರೆ ಕಡೆ. ‘ನೀನು ಯಾಕೆ ಬಂದೆ’ ಎನ್ನುವಾಗ ನಮ್ಮಲ್ಲಿ ಕರ್ತೃ, ಕ್ರಿಯಾಪದ ಜಾಗ ಬದಲಿಸುವುದಿಲ್ಲ, ‘ಡಿಡ್’ನಂಥ ಪದವೂ ಬೇಕಿಲ್ಲ. ಅದರಿಂದಲೇ ‘ವೈ ಯು ಕೇಮ್’ ಹುಟ್ಟುವುದು. ಹಾಗಾಗಿ ‘ವೈ’, ‘ವೇರ್’, ‘ವೆನ್’ ಪ್ರಶ್ನೆಗಳಿಗೇ ಹೆಚ್ಚು ಹೊತ್ತು ಕೊಡಿ.

‘ತಪ್ಪು ಹುಡುಕಿ’ ಅಭ್ಯಾಸಗಳನ್ನು ಮಾತ್ರ ಕೊನೆಯ ತಿಂಗಳಿಗೆ ಇಟ್ಟುಕೊಳ್ಳಿ. ಪರೀಕ್ಷೆಗೆ ಬೇಕು, ನಿಜ. ಆದರೆ ಸರಿ ವಾಕ್ಯವೇ ನಾಲಿಗೆಗೆ ಕೂತಿಲ್ಲದವರಿಗೆ ಅಚ್ಚಾದ ತಪ್ಪು ವಾಕ್ಯಗಳನ್ನು ಓದಿಸಲು ನನಗಂತೂ ಧೈರ್ಯವಿಲ್ಲ.

ಪ್ರಶ್ನೆ: ಎ, ಆ್ಯನ್, ದ ಯಾವಾಗ ಸರಿಯಾಗುತ್ತದೆ?

ಉತ್ತರ: ತಡವಾಗಿ. ಕನ್ನಡದಲ್ಲಿ ಅವು ಇಲ್ಲ. ದಿನಾ ಇಂಗ್ಲಿಷ್ ಪತ್ರಿಕೆಯ ಒಂದು ಸುದ್ದಿಯಲ್ಲಿ ಅವುಗಳಿಗೆ ಅಡಿಗೆರೆ ಎಳೆಯಿರಿ.

ಪ್ರಶ್ನೆ: ‘ಐ ಆ್ಯಮ್ ಹ್ಯಾವಿಂಗ್ ಟೂ ಸಿಸ್ಟರ್ಸ್’ ತಪ್ಪೇ? ಎಲ್ಲರೂ ಅನ್ನುತ್ತಾರಲ್ಲ!

ಉತ್ತರ: ತಪ್ಪು. ‘ಹ್ಯಾವಿಂಗ್ ಲಂಚ್’ ಸರಿ. ತಂಗಿಯರಿಗೆ ‘ಹ್ಯಾವ್’ ಸಾಕು.

ಪ್ರಶ್ನೆ: ಮೂವತ್ತೇ ದಿನದಲ್ಲಿ ನಿರರ್ಗಳ ಇಂಗ್ಲಿಷ್, ವ್ಯಾಕರಣವೇ ಬೇಡ ಎನ್ನುವ ಕೋರ್ಸಿಗೆ ಸೇರಬಹುದೇ?

ಉತ್ತರ: ಆ ದುಡ್ಡಿಗೆ ಒಂದು ಒಳ್ಳೆಯ ಡಿಕ್ಷನರಿ ತಗೊಳ್ಳಿ, ಉಳಿದದ್ದರಲ್ಲಿ ಮಸಾಲೆ ದೋಸೆ ತಿನ್ನಿ.